ಡಾಕ್ಟರ್ ಸೆಮ್ಮೆಲ್‌ವೈಸ್

ಹೆರಿಗೆ ನೋಡುವವರು ಮೊದಲು ಕೈ ತೊಳೆಯಬೇಕೆಂಬದು ಈಗ ಎಲ್ಲರಿಗೂ ತಿಳಿದ ಮಾತು. ಇದಕ್ಕಾಗಿ ಹೋರಾಡಿದ ಒಬ್ಬ ವೈದ್ಯನ ಚರಿತ್ರೆಯನ್ನು ನಾವು ಈ ಸಾರಿ ಹೇಳುವೆವು.

ಇಗ್ನಾಜ್ ಸೆಮ್ಮೆಲ್‌ವೈಸನು 1818ರಲ್ಲಿ ಹಂಗೇರಿ ದೇಶದ ಬುಡಾ ಪಟ್ಟಣದಲ್ಲಿ ಹುಟ್ಟಿದನು. 1846ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನಾದನು. ಅಲ್ಲಿ ಹೆರಿಗೆಯ ವಿಭಾಗಗಳು ಎರಡು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳೂ ಇನ್ನೊಂದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಬಹು ಹೆಚ್ಚು. ಬಡ ಸ್ತ್ರೀಯರು ತಮ್ಮನ್ನು ಅಲ್ಲಿಗೆ ಕಳುಹಿಸಬಾರದೆಂದು ಮೊಣಕಾಲೂರಿ ಬೇಡುತ್ತಿದ್ದರು.

1847ರಲ್ಲಿ ಆತನ ಸ್ನೇಹಿತನಾದ ಕೊಲ್ಲೆಚ್ಕಾ ಎಂಬ ವೈದ್ಯನು ಹೆಣವನ್ನು ಕೊಯ್ದು ಪರೀಕ್ಷಿಸುವ ಸಮಯದಲ್ಲಿ ವಿದ್ಯಾರ್ಥಿಯ ಚೂರಿ ತಗಲಿ, ನಂಜೇರಿ ಸತ್ತನು. ಸತ್ತ ಬಾಣಂತಿಯರ ದೇಹಗಳಲ್ಲಿದ್ದ ಗುರುತುಗಳೇ ಅವನ ದೇಹದಲ್ಲಿಯೂ ಕಂಡವು. ಆಗ ಸೆಮ್ಮೆಲ್‌ವೈಸನಿಗೆ ಸತ್ಯವು ಹೊಳೆಯಿತು. ವೈದ್ಯರು ಹೆಣ ಮುಟ್ಟಿದ ಕೈಗಳಿಂದಲೇ ತಾಯಂದಿರನ್ನು ಮುಟ್ಟುತ್ತಿದ್ದರು. ತಾನೂ ಹಾಗೆ ಮಾಡಿ ಅನೇಕರ ಮರಣಕ್ಕೆ ಕಾರಣನಾದೆನೆಂದು ಆತನು ಮರೆಮಾಡದೆ ಒಪ್ಪಿಕೊಂಡನು. ಮೇ ತಿಂಗಳಿನಿಂದ ಎಲ್ಲರೂ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕೈ ತೊಳೆಯಬೇಕೆಂದು ಅಪ್ಪಣೆಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18 ತಾಯಂದಿರು ಸತ್ತಿದ್ದರು. ಜೂನಿನಲ್ಲಿ ಸುಮಾರು 2 ಮಾತ್ರ.

ಆದರೂ ತಮ್ಮ ಕೈಗಳೇ ಮರಣವನ್ನು ತಂದವೆಂದು ಒಪ್ಪುವುದು ಅನೇಕ ಪಂಡಿತರಿಗೆ ಕಠಿಣವಾಯಿತು. ಅವರು ಆತನ ಮಾತನ್ನು ತಳ್ಳಿಬಿಟ್ಟರು. 1850ರಲ್ಲಿ ಆತನು ಸ್ವದೇಶಕ್ಕೆ ಹಿಂದಿರುಗಿದನು. ಕಡೆಗೆ ಬುದ್ಧಿ ಕದಡಿದವನೆಂದು 1865ರಲ್ಲಿ ಆತನನ್ನು ಹುಚ್ಚರ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಎರಡು ವಾರಗಳೊಳಗೆ, ತನ್ನ 47ನೆಯ ವಯಸ್ಸಿನಲ್ಲಿ, ಗಾಯದಿಂದ ಹುಟ್ಟಿದ ರಕ್ತನಂಜಿನಿಂದಲೇ ಆತನು ತೀರಿಕೊಂಡನು.

ಆ ನಂಜಿನ ಬೀಜಗಳು ಸೂಕ್ಷ್ಮ ಜೀವಿಗಳೆಂದು ಪಂಡಿತರು ತರುವಾಯ ಕಂಡುಹಿಡಿದರು. ಅವುಗಳೊಡನೆ ಹೋರಾಡುವಾಗ ದೇಹವು ಮಿತಿಮೀರಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವ ಸ್ಥಿತಿಗೆ ಈಗ ಸೆಪ್ಸಿಸ್ ಎಂದು ಹೆಸರು. ರೋಗವು ಬಲಿತರೆ ರಕ್ತದ ಒತ್ತಡವು ಕುಸಿದು, ಮಿದುಳಿಗೂ ಮೂತ್ರಪಿಂಡಗಳಿಗೂ ಸಾಕಷ್ಟು ರಕ್ತವು ಮುಟ್ಟದು. ಇದೇ ಶಾಕ್ ಎಂಬ ಅಪಾಯ.

ಆದಕಾರಣ ಬಾಣಂತಿಗಾಗಲಿ ಗಾಯಗೊಂಡವರಿಗಾಗಲಿ ಚಳಿಜ್ವರ, ಏದುಸಿರು, ಬುದ್ಧಿಭ್ರಮೆ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಜ್ವರವಿಲ್ಲದೆಯೂ ಈ ರೋಗವು ಬರುವುದುಂಟು. ಔಷಧಕ್ಕೆ ಒಂದು ತಾಸು ತಡವಾದರೂ ಪ್ರಾಣಕ್ಕೆ ಅಪಾಯವು ಹೆಚ್ಚುವುದು. ನಮ್ಮ ಕೈ ಶುದ್ಧವೆಂದು ನಾವೇ ನಂಬಿಕೊಳ್ಳದೆ, ತೊಳೆದ ಮೇಲೆಯೇ ತಾಯಿಯನ್ನು ಮುಟ್ಟೋಣ.