ಒಂಟಿ ಸರ್ ಎಂವಿ ಮತ್ತು ಹೊತ್ತಿಗೆ ಸರಿಯಾದ ಊಟ

ಸೆಪ್ಟೆಂಬರ್ 15 ಬಂದ್ರೆ ನಮ್ಮ ಕೊಪ್ಪಳ, ಗಂಗಾವತಿ ಕಡೆಗೂ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ಎಂಜಿನಿಯರಿಂಗ್ ಓದುವಾಗ ನಾನೂ ಆ ಸಾಲಲ್ಲಿ ನಿಂತಿದ್ದೆ. ಕನ್ನಂಬಾಡಿ ಕಟ್ಟೆ, ಶಿಸ್ತು, ನೂರು ವರ್ಷದ ಆಯಸ್ಸು, ಭಾಷಣ ಅಲ್ಲಿಗೆ ಮುಗೀತು. ದಿನದ ಕೆಲಸ ಮುಗಿಸಿ ಮನೆಗೆ ಹೋದಾಗ ಅವರಿಗಾಗಿ ಅಲ್ಲಿ ಯಾರಿದ್ರು ಅಂತ ಯಾರೂ ಕೇಳಲ್ಲ.

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯ ಹುಡುಗ. ಎಳೆಯದರಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಸಕ್ಕರ್‌ನ ಕುಡಿಯುವ ನೀರು, ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟು, ಏಡನ್‌ನ ಒಳಚರಂಡಿ ಅಂತ ಕೆಲಸ ಎಲ್ಲೆಲ್ಲೋ ಕರೆದೊಯ್ದಿತು. ಸಂಸಾರ ಮಾತ್ರ ನೆಲೆ ನಿಲ್ಲಲಿಲ್ಲ. ಮದುವೆಯಾಗಿ ಹೆಂಡತಿಯ ಸಾವು ಕಂಡರು, ಮಕ್ಕಳಿರಲಿಲ್ಲ. ನಡುವಯಸ್ಸು ಒಂಟಿಯಾಗಿಯೇ ಕಳೆಯಿತು.

1908ರಲ್ಲಿ ಸ್ವಯಂನಿವೃತ್ತಿ ಪಡೆದಾಗ ವಯಸ್ಸು ಐವತ್ತರ ಹತ್ತಿರ. ಅದೇ ವರ್ಷ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು. ನಿಜಾಮ ಸರ್ಕಾರ ಅವರನ್ನು ಕರೆಸಿಕೊಂಡಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಆಗ ಇದ್ದದ್ದು ಅದೇ ಹೈದರಾಬಾದ್ ಸಂಸ್ಥಾನದಲ್ಲಿ. 1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಮಿತವಾದ ಊಟ, ದಿನಾ ನಡಿಗೆ, ಗಡಿಯಾರದಂಥ ದಿನಚರಿ. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್ 14ರಂದು ನೂರು ದಾಟಿದ ಜೀವ ಹೋಯಿತು.

ಮದುವೆಯಾದವರು, ಅದರಲ್ಲೂ ಗಂಡಸರು, ಸರಾಸರಿ ಹೆಚ್ಚು ಕಾಲ ಬದುಕುತ್ತಾರೆ ಅಂತ ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಹಾಗಾದ್ರೆ ಸರ್ ಎಂವಿ ಇದಕ್ಕೆ ಅಪವಾದವಾ? ಪೂರ್ತಿ ಅಲ್ಲ. ಶಿಸ್ತು ಅವರದೇ, ಅನುಮಾನವಿಲ್ಲ. ಆದರೆ ದಿವಾನರ ಮನೆಯಲ್ಲಿ ಅಡುಗೆಯವರಿದ್ದರು, ಆಳುಗಳಿದ್ದರು. ಬೇರೆ ಗಂಡಸರಿಗೆ ಹೆಂಡತಿ ಸಂಬಳವಿಲ್ಲದೆ ಮಾಡುವ ಕೆಲಸ ಅವರಿಗೆ ಸಂಬಳಕ್ಕೆ ಸಿಕ್ಕಿತ್ತು. ನಡೆಯಲು, ಓದಲು, ಮಲಗಲು ಹೊತ್ತು ಉಳಿದದ್ದು ಅದರಿಂದ.

ಈಗ ನಮ್ಮ ಓಣಿಗೆ ಬನ್ನಿ. ಐವತ್ತರ ಗಂಡಸಿಗೆ ಬಿಪಿ ಗುಳಿಗೆ ನೆನಪು ಮಾಡೋದು, ಗುಟ್ಕಾ ಬಿಡು ಅಂತ ಜಗಳ ತೆಗೆಯೋದು, ರೊಟ್ಟಿ ಬಡಿದು ಹೊತ್ತಿಗೆ ಬಡಿಸೋದು ಹೆಂಡತಿ. ಆಕೆಯ ಬಿಪಿ ನೋಡೋರು ಯಾರು? ಗಂಡ ಸತ್ತ, ಗಂಡ ಬಿಟ್ಟ, ಮದುವೆಯೇ ಆಗದ ಹೆಣ್ಣುಮಗಳಿಗಂತೂ ಅಡುಗೆಯವರೂ ಇಲ್ಲ, ನೆನಪು ಮಾಡೋರೂ ಇಲ್ಲ. ಕೂಲಿಯಿಂದ ಬಂದು ಒಬ್ಬಳಿಗೇ ಒಲೆ ಹಚ್ಚೋಕೆ ಬೇಸರವಾಗಿ ಚಹಾ ಕುಡಿದು ಮಲಗಿದರೆ ಅದನ್ನು ಶಿಸ್ತಿಲ್ಲದ್ದು ಅನ್ನೋಣವೇ?

40ರಿಂದ 64 ವರ್ಷದ ಅವಿವಾಹಿತ, ವಿಚ್ಛೇದಿತ ಬಡ ಹೆಣ್ಣುಮಕ್ಕಳಿಗೆ ರಾಜ್ಯದಲ್ಲಿ ಮನಸ್ವಿನಿ ಯೋಜನೆ ಇದೆ. ಒಂದು ಹಂತದಲ್ಲಿ ಅದು ತಿಂಗಳಿಗೆ 800 ರೂಪಾಯಿ ಇತ್ತು, ದಿನಕ್ಕೆ 27 ರೂಪಾಯಿಯೂ ತುಂಬುತ್ತಿರಲಿಲ್ಲ. ಈ ಮೊತ್ತ ಒಂದು ದಿನದ ಊಟಕ್ಕಾದರೂ ಸಾಲಬೇಕು. ಕೂಲಿ ಮುಗಿಸಿ ಬಂದವರಿಗೆ ಊರಲ್ಲೇ ಸಂಜೆ ಹೊತ್ತು ಬಿಪಿ, ಶುಗರ್ ನೋಡುವ ವ್ಯವಸ್ಥೆ ಬೇಕು. ಮುಂದಿನ ಸೆಪ್ಟೆಂಬರ್ 15ಕ್ಕೆ ಹಾರ ಹಾಕಿದ ಮೇಲೆ, ಅದೇ ವೇದಿಕೆಯಲ್ಲಿ ಕೂತ ಶಾಸಕರನ್ನು ಇವೆರಡನ್ನು ಕೇಳಿ.