ಕರೆಂಟ್ ಕೊಟ್ಟರೆ ನೆನಪಿನ ಶಕ್ತಿ ಹೆಚ್ಚುತ್ತದೆಯೇ? ಡಾ. ಪೆನ್‌ಫೀಲ್ಡ್ ನಿಜವಾಗಿ ಕಂಡದ್ದೇನು?

ಮೆದುಳಿಗೆ ಕರೆಂಟ್ ಮುಟ್ಟಿಸಿದರೆ ಮರೆತದ್ದೆಲ್ಲ ನೆನಪಾಗುತ್ತದಂತೆ, ಪೆನ್‌ಫೀಲ್ಡ್ ಎಂಬ ಡಾಕ್ಟರ್ ಇದನ್ನು ಎಂದೋ ಸಾಬೀತು ಮಾಡಿದ್ದಾರಂತೆ. ಬೆಂಗಳೂರಿರಲಿ, ತೇರದಾಳವಿರಲಿ, ಫೋನ್ ಇದ್ದವರಿಗೆ ಇಂಥ ಮಾತು ಒಮ್ಮೆಯಾದರೂ ಬಂದೀತು. ಡಾಕ್ಟರ್ ಹೆಸರು ನಿಜ. ಉಳಿದದ್ದನ್ನು ನೋಡೋಣ.

ವೈಲ್ಡರ್ ಪೆನ್‌ಫೀಲ್ಡ್ ಅಮೆರಿಕದಲ್ಲಿ 1891ರಲ್ಲಿ ಹುಟ್ಟಿದರು. 1928ರಲ್ಲಿ ಕೆನಡಾದ ಮಾಂಟ್ರಿಯಲ್ ಸೇರಿದರು. ಅದೇ ವರ್ಷ ಸ್ವಂತ ಅಕ್ಕ ರೂತ್ ಅವರ ಮೆದುಳಿನ ಗೆಡ್ಡೆಗೆ ತಾವೇ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಗೆಡ್ಡೆ ಪೂರ್ತಿ ಬರಲಿಲ್ಲ. ಅಕ್ಕ ಚೇತರಿಸಿಕೊಂಡು ಮನೆಗೆ ಹೋದರೂ, ಅಡುಗೆ ಮಾಡುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸಲಾಗದೆ ತಡವರಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ತೀರಿಕೊಂಡರು.

1934ರಲ್ಲಿ ಪೆನ್‌ಫೀಲ್ಡ್ ಮಾಂಟ್ರಿಯಲ್‌ನಲ್ಲಿ ನರರೋಗ ಸಂಸ್ಥೆ ಕಟ್ಟಿದರು. ವೆಲ್ಲೂರಿನಲ್ಲಿ 1949ರಲ್ಲಿ ನರಶಸ್ತ್ರಚಿಕಿತ್ಸೆ ಆರಂಭಿಸಿದ ಡಾ. ಜೇಕಬ್ ಚಾಂಡಿ ಕಲಿತದ್ದು ಅಲ್ಲೇ. ಅಲ್ಲಿ ಮೂರ್ಛೆರೋಗಿಗಳನ್ನು ಎಚ್ಚರವಾಗಿಟ್ಟೇ ತಲೆಬುರುಡೆ ತೆರೆಯುತ್ತಿದ್ದರು. ಮೆದುಳಿಗೆ ನೋವು ತಿಳಿಯುವುದಿಲ್ಲ, ಚರ್ಮಕ್ಕೆ ಮಾತ್ರ ಮರಗಟ್ಟುವ ಮದ್ದು. ಸಣ್ಣ ಕರೆಂಟ್ ಮುಟ್ಟಿಸಿ, ಮಾತಿನ ಜಾಗ ಯಾವುದು, ಕೈಯಾಡಿಸುವ ಜಾಗ ಯಾವುದು ಎಂದು ಗುರುತಿಸಿ, ಅದನ್ನು ಬಿಟ್ಟು ಕತ್ತರಿಸುತ್ತಿದ್ದರು. ಕರೆಂಟ್ ಇದ್ದದ್ದು ಇದಕ್ಕೇ, ನೆನಪು ಹೆಚ್ಚಿಸಲು ಅಲ್ಲ.

ಆದರೆ ಕಿವಿಯ ಪಕ್ಕದ ಭಾಗ ಮುಟ್ಟಿದಾಗ ಕೆಲವರಿಗೆ ಹಳೆಯ ಹಾಡು, ಪರಿಚಿತರ ದನಿ ಕೇಳಿಸಿತು. ಮೆದುಳು ಎಲ್ಲವನ್ನೂ ಟೇಪಿನಂತೆ ದಾಖಲಿಸುತ್ತದೆ ಎಂದು ಪೆನ್‌ಫೀಲ್ಡ್ ನಂಬಿದರು. ಫಾರ್ವರ್ಡ್ ಹಿಡಿದುಕೊಂಡದ್ದು ಈ ನಂಬಿಕೆಯನ್ನು. 1963ರ ಅವರದೇ ಲೆಕ್ಕದಲ್ಲಿ, 520 ರೋಗಿಗಳ ಪೈಕಿ ಹೀಗಾದದ್ದು 40 ಮಂದಿಗೆ. ಅದೂ ನಿಜವಾದ ನೆನಪೋ, ಕನಸಿನಂಥದ್ದೋ ಎಂದು ನಂತರದ ವಿಜ್ಞಾನಿಗಳು ಅನುಮಾನಪಟ್ಟರು.

ಇನ್ನೊಂದು ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅದೇ ಭಾಗದ ಒಂದು ಬದಿಯನ್ನು ತೆಗೆದ ಮೇಲೆ ಅವರ ರೋಗಿಯಾಗಿದ್ದ ಎಂಜಿನಿಯರ್‌ಗೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಪೆನ್‌ಫೀಲ್ಡ್ ಅದನ್ನು ಮುಚ್ಚಿಡಲಿಲ್ಲ, ಬ್ರೆಂಡಾ ಮಿಲ್ನರ್ ಜೊತೆ ಸೇರಿ ಪ್ರಕಟಿಸಿದರು. ನಮ್ಮ ಪ್ರಕಾರ ಅವರ ದೊಡ್ಡತನ ಇದು. ಆ ರೋಗಿ ತೀರಿಕೊಂಡ ಮೇಲೆ ನೋಡಿದರೆ, ಇನ್ನೊಂದು ಬದಿ ಮೊದಲೇ ಹಾಳಾಗಿತ್ತು.

ಪೆನ್‌ಫೀಲ್ಡ್ 1976ರಲ್ಲಿ ತೀರಿಕೊಂಡರು. ಮೆದುಳಿನೊಳಗೆ ತಂತಿ ಇಟ್ಟು ನೆನಪು ಹೆಚ್ಚಿಸುವ ಪ್ರಯೋಗ ಈಗಲೂ ನಡೆದಿದೆ. 2012ರಲ್ಲಿ 7 ರೋಗಿಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು. 2016ರಲ್ಲಿ 49 ಮಂದಿಯ ಅಧ್ಯಯನದಲ್ಲಿ ನೆನಪು ಕುಗ್ಗಿತು. ಮನೆಯಲ್ಲಿ ತಲೆಗೆ ಕಟ್ಟುವ ಯಂತ್ರದ ಕರೆಂಟ್ ಅಷ್ಟು ಆಳಕ್ಕೆ ಸರಿಯಾಗಿ ತಲುಪುವುದೂ ಇಲ್ಲ. ಮಕ್ಕಳ ತಲೆಗೆ ಅದನ್ನು ಕಟ್ಟಬೇಡಿ. ಮರೆವು ನಿಜಕ್ಕೂ ಕಾಡುತ್ತಿದ್ದರೆ, ತೇರದಾಳ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.