ಎರಡನೆಯ ಸೀರೆಯಾಚೆಗಿನ ಸಾವಿತ್ರಿಬಾಯಿ

ಜನವರಿ 3 ಬಂತೆಂದರೆ ಮುದಗಲ್ ಸುತ್ತಿನ ಶಾಲೆಗಳಲ್ಲಿ ಸಾವಿತ್ರಿಬಾಯಿ ಫುಲೆಯವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳು ಆ ಹೊತ್ತಿಗೆ ಅಲ್ಲಿದ್ದರೆ ಮಕ್ಕಳಿಗೆ ಭಾಷಣ ಬರೆದುಕೊಡುವ ಕೆಲಸ ಅವರ ಪಾಲಿಗೇ ಬರುತ್ತದೆ. ಆ ಭಾಷಣಗಳು ಬಹುಮಟ್ಟಿಗೆ ಒಂದೇ ಕಡೆ ನಿಲ್ಲುತ್ತವೆ: ದಾರಿಯಲ್ಲಿ ಸಗಣಿ, ಕೆಸರು ಎರಚಿದರು, ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಶಾಲೆಗೆ ಹೋದರು, ಮೊದಲ ಶಿಕ್ಷಕಿ ಎನಿಸಿಕೊಂಡರು, ಜೈ ಹಿಂದ್. ತಪ್ಪೇನಿಲ್ಲ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1848ರಲ್ಲಿ. ಅವರು ತೀರಿಕೊಂಡದ್ದು 1897ರಲ್ಲಿ. ನಡುವೆ 49 ವರ್ಷ. ಸೀರೆಯ ಕಥೆ ಅದರ ಮೊದಲ ನಾಲ್ಕೈದು ವರ್ಷಗಳದ್ದು. ಮಿಕ್ಕ ವರ್ಷಗಳಲ್ಲಿ ಅವರು ಬಾಣಂತಿಯರನ್ನು ನೋಡಿಕೊಂಡರು, ಬರಗಾಲದಲ್ಲಿ ಅನ್ನ ಹಾಕಿಸಿದರು, ಲಕ್ವ ಹೊಡೆದ ಗಂಡನ ಆರೈಕೆ ಮಾಡಿದರು, ಕೊನೆಗೆ ಪ್ಲೇಗ್ ರೋಗಿಗಳ ನಡುವೆ ಪ್ರಾಣ ಬಿಟ್ಟರು. ಶಿಕ್ಷಕಿಯಾಗಿ ಹೆಸರಾದ ಈ ಹೆಣ್ಣುಮಗಳ ಬದುಕಿನ ಹೆಚ್ಚಿನ ಪಾಲು ದಾದಿಯ ಬದುಕು. ಈ ಬರಹ ಆ ಪಾಲನ್ನು ಕುರಿತದ್ದು.

ಮೊದಲಿನ ಸಂಗತಿಗಳನ್ನು ಬೇಗ ಮುಗಿಸಿಬಿಡೋಣ, ಅವು ಎಲ್ಲರಿಗೂ ಗೊತ್ತು. 1831ರ ಜನವರಿ 3ರಂದು ಸಾತಾರಾ ಸೀಮೆಯ ನಾಯಗಾಂವದಲ್ಲಿ ಖಂಡೋಜಿ ನೇವಸೆ ಪಾಟೀಲರ ಮಗಳಾಗಿ ಹುಟ್ಟಿದರು. 1840ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, 13ರ ಹುಡುಗ ಜ್ಯೋತಿಬಾ ಅವರೊಂದಿಗೆ ಮದುವೆಯಾಯಿತು. ಓದು ಬರಹ ಕಲಿತದ್ದು ಮದುವೆಯ ನಂತರ, ಗಂಡನಿಂದ. ಜ್ಯೋತಿಬಾ ತಾಯಿಯಿಲ್ಲದ ಕೂಸು. ಅವರನ್ನು ಸಾಕಿದ ಸಗುಣಾಬಾಯಿ ಪಾದ್ರಿಯೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿದ್ದವರು. ಸಾವಿತ್ರಿಬಾಯಿಯ ಜೊತೆ ಕೂತು ಕಲಿತವರೂ ಹೌದು. ಮುಂದೆ ಸಾವಿತ್ರಿಬಾಯಿ ಅಹಮದ್‌ನಗರದಲ್ಲಿ ಮಿಸ್ ಫರಾರ್ ಅವರ ಸಂಸ್ಥೆಯಲ್ಲಿ, ಪುಣೆಯ ನಾರ್ಮಲ್ ಶಾಲೆಯಲ್ಲಿ ಶಿಕ್ಷಕ ತರಬೇತಿ ಪಡೆದರು. ಅಂದರೆ ಅವರೂ ಒಂದು ಕಾಲಕ್ಕೆ ನಮ್ಮ ಓದುಗರ ಹಾಗೆ ಪ್ರಶಿಕ್ಷಣಾರ್ಥಿಯೇ. 1849ರಲ್ಲಿ ಮಾವ ಗೋವಿಂದರಾಯರು ಊರವರ ಮಾತಿಗೆ ಮಣಿದು ಮಗ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದಾಗ ಉಸ್ಮಾನ್ ಶೇಖ್ ಎಂಬವರು ಆಸರೆ ಕೊಟ್ಟರು.

ಸಾವಿತ್ರಿಬಾಯಿ ಗಂಡನಿಗೆ ಬರೆದ ಮೂರು ಕಾಗದಗಳು ಉಳಿದಿವೆ. ಜೀವನ ಚರಿತ್ರೆ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. ಮೊದಲನೆಯದು 1856ರ ಅಕ್ಟೋಬರ್‌ನದು. ಕಾಯಿಲೆ ಬಿದ್ದು ತವರಿಗೆ ಹೋಗಿದ್ದರು. ತಮ್ಮ ಆರೋಗ್ಯ ಸುಧಾರಿಸಿದ್ದನ್ನು, ಅಣ್ಣ ಹಾಸಿಗೆಯ ಬಳಿ ಕೂತು ಮಾಡಿದ ಆರೈಕೆಯನ್ನು ಅದರಲ್ಲಿ ನೆನೆಯುತ್ತಾರೆ. ಅದೇ ಅಣ್ಣ, ಕೆಳಜಾತಿಯವರಿಗೆ ಓದು ಕಲಿಸಿ ಕುಲ ಕೆಡಿಸಿದಿರಿ ಎಂಬ ಧಾಟಿಯಲ್ಲಿ ಮಾತಾಡಿದಾಗ ಹೇಗೆ ಉತ್ತರ ಕೊಟ್ಟೆ ಎಂಬುದನ್ನೂ ಬರೆಯುತ್ತಾರೆ. ಪುಣೆಯಲ್ಲಿ ತಮ್ಮ ಕೆಲಸವೆಲ್ಲ ಫಾತಿಮಾಳ ಮೇಲೆ ಬಿದ್ದಿರುತ್ತದೆ, ಆದರೂ ಆಕೆ ಗೊಣಗುವವಳಲ್ಲ ಎಂಬ ಚಿಂತೆ ಕೊನೆಗೆ. ಹಾಸಿಗೆಯಲ್ಲಿ ಮಲಗಿದ ಶಿಕ್ಷಕಿಗೆ ಜೊತೆಗಾತಿಯ ಮೇಲಿನ ಹೊರೆ ನೆನಪಾಗುತ್ತದೆ. ನನ್ನ ಮಟ್ಟಿಗೆ ಆ ಕಾಗದದ ತಿರುಳು ಇರುವುದು ಅಲ್ಲೇ.

ಇನ್ನು 1863. ಆ ಕಾಲದಲ್ಲಿ ಮೇಲ್ಜಾತಿಯ ಹುಡುಗಿಗೆ ಹತ್ತು ಹನ್ನೆರಡಕ್ಕೆ ಗಂಡ ಸತ್ತರೆ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದರು. ಮನೆಯವರೋ ನೆಂಟರೋ ಅವಳನ್ನು ಕೆಡಿಸಿ ಬಸುರು ನಿಂತರೆ ಪಾಪವೆಲ್ಲ ಅವಳದೇ. ಬಾವಿ ಹಾರಬೇಕು, ಇಲ್ಲವೇ ಮದ್ದು ಕುಡಿದು ಬಸಿರು ಇಳಿಸಬೇಕು, ಅದೂ ಆಗದಿದ್ದರೆ ಹೆತ್ತ ಕೂಸಿನ ಕತ್ತು ಹಿಸುಕಬೇಕು. ಫುಲೆ ದಂಪತಿ ತಮ್ಮ ಮನೆಯ ಆವರಣದಲ್ಲೇ ಶಿಶುಹತ್ಯಾ ಪ್ರತಿಬಂಧಕ ಗೃಹ ತೆರೆದು, ಇಲ್ಲಿಗೆ ಬಂದು ಗುಟ್ಟಾಗಿ ಹೆರಿಗೆ ಮಾಡಿಸಿಕೊಳ್ಳಿ, ಕೂಸನ್ನು ಬಿಟ್ಟು ಹೋದರೂ ಸರಿ ಎಂದು ಊರ ಮೂಲೆ ಮೂಲೆಗೆ ಚೀಟಿ ಅಂಟಿಸಿದರು. ಚೀಟಿ ಅಂಟಿಸುವುದು ಒಂದು ದಿನದ ಕೆಲಸ. ಬಂದವರಿಗೆ ನೀರು ಕಾಸುವುದು, ಹಾಸಿಗೆ ಒಗೆಯುವುದು, ರಾತ್ರಿ ಅಳುವ ಕೂಸನ್ನು ಎತ್ತಿಕೊಳ್ಳುವುದು ದಿನದಿನದ ಕೆಲಸ. ಅದು ಸಾವಿತ್ರಿಬಾಯಿಯವರ ಪಾಲಿನದು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ.

ಈ ಮನೆಯ ಲೆಕ್ಕವನ್ನು ಜ್ಯೋತಿಬಾ 1884ರಲ್ಲಿ ಸರ್ಕಾರಕ್ಕೆ ಬರೆದುಕೊಟ್ಟಿದ್ದಾರೆ. ಅಲ್ಲಿಯವರೆಗೆ 35 ವಿಧವೆಯರು ಬಂದು ಹೆತ್ತಿದ್ದರು. ಬದುಕುಳಿದ ಕೂಸುಗಳು 5. ಮಿಕ್ಕವು ಹುಟ್ಟುವ ಮೊದಲೇ, ಬಸಿರು ಮುಚ್ಚಿಡಲು ತಾಯಂದಿರು ಕುಡಿದ ಮದ್ದಿನಿಂದ ಜರ್ಜರಿತವಾಗಿದ್ದವು. ನಮ್ಮ ಭಾಷಣಗಳು ಈ ಅಂಕಿಯನ್ನು ಹೇಳುವುದಿಲ್ಲ, ಯಶಸ್ಸಿನ ಕಥೆಗೆ ಅದು ಒಗ್ಗುವುದಿಲ್ಲ. ನಾನಾದರೋ ಇದನ್ನೇ ಮೊದಲು ಹೇಳಬೇಕೆನ್ನುತ್ತೇನೆ. ಕೈಯಲ್ಲಿ ಹಿಡಿದ 35 ಕೂಸುಗಳಲ್ಲಿ 30 ಕಣ್ಣು ಮುಚ್ಚಿದರೂ ಆ ಮನೆಯ ಬಾಗಿಲು ಮುಚ್ಚಲಿಲ್ಲ.

ಹಾಗೆ ಬಂದವರಲ್ಲಿ ಕಾಶಿಬಾಯಿ ಎಂಬ ಬ್ರಾಹ್ಮಣ ವಿಧವೆ ಒಬ್ಬರು. ಪ್ರಾಣ ಕಳೆದುಕೊಳ್ಳಲು ಹೊರಟಿದ್ದ ಅವರನ್ನು ಜ್ಯೋತಿಬಾ ಮನೆಗೆ ಕರೆತಂದರು. ಅವರಿಗೆ ಹುಟ್ಟಿದ ಗಂಡುಮಗುವನ್ನು 1874ರಲ್ಲಿ ದಂಪತಿ ದತ್ತು ತೆಗೆದುಕೊಂಡರು. ಆ ಹುಡುಗನೇ ಯಶವಂತ. ಮುಂದೆ ವೈದ್ಯಕೀಯ ಓದಿ ಡಾಕ್ಟರಾದ. ಹುಟ್ಟಿನ ಕಾರಣಕ್ಕೆ ಅವನಿಗೆ ಹೆಣ್ಣು ಕೊಡಲು ಜನ ಹಿಂಜರಿದರು. ಸಮಾಜದ ಕಾರ್ಯಕರ್ತ ಗ್ಯಾನೋಬಾ ಸಸಾಣೆಯವರು ತಮ್ಮ ಮಗಳನ್ನು ಕೊಟ್ಟು 1889ರ ಫೆಬ್ರುವರಿ 4ರಂದು, ಪುರೋಹಿತರಿಲ್ಲದೆ, ಮದುವೆ ನಡೆಸಿದರು. ಗಂಡನ ಮನೆಯಿಂದ ಹೊರಬಿದ್ದಿದ್ದ ಸೊಸೆ ಈಗ ತಾನೇ ಅತ್ತೆಯಾದರು.

ಎರಡನೆಯ ಕಾಗದ 1868ರದು. ಬ್ರಾಹ್ಮಣ ಹುಡುಗನೊಬ್ಬನೂ ಮಹಾರ ಹುಡುಗಿಯೊಬ್ಬಳೂ ಪ್ರೀತಿಸಿದ್ದಕ್ಕೆ ಊರವರು ಬಡಿದು ಕೊಲ್ಲಲು ಮೆರವಣಿಗೆ ಹೊರಡಿಸಿದಾಗ ನಡುವೆ ಹೋಗಿ ಬಿಡಿಸಿದ ಸಂಗತಿ ಅದರಲ್ಲಿದೆ. ಮೂರನೆಯ ಕಾಗದ ನಮ್ಮ ನೆಲಕ್ಕೆ ಇನ್ನೂ ಹತ್ತಿರದ್ದು.

ಅದು 1877ರ ಏಪ್ರಿಲ್‌ನಲ್ಲಿ ಜುನ್ನರ್ ಸೀಮೆಯ ಓತೂರಿನಿಂದ ಬರೆದದ್ದು. ಧಾತು-ಈಶ್ವರ ಸಂವತ್ಸರಗಳ ಬರ ದಖ್ಖನನ್ನೇ ಸುಟ್ಟ ಕಾಲ. ಮೈಸೂರು ರಾಜ್ಯವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರೆಂದು ಲೆಕ್ಕ. ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆಯನ್ನೂ ಅದು ಬಿಡಲಿಲ್ಲ. ಆಗ ಲಿಂಗಸುಗೂರು ನಿಜಾಮರ ರಾಜ್ಯದ ಒಂದು ಜಿಲ್ಲೆ, 1905ರವರೆಗೂ ಹಾಗೇ ಇತ್ತು. ಮುದಗಲ್ ಅದರೊಳಗಿನ ಊರು. ಜೋಳ ಬಿತ್ತಿ ಮುಗಿಲು ನೋಡುವವರು, ಮಳೆ ಕೈಕೊಟ್ಟರೆ ಗುಳೆ ಹೋಗುವವರು ಎಂದರೆ ನಮ್ಮ ತರಗತಿಯ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಓತೂರಿನಲ್ಲಿ ಸಾವಿತ್ರಿಬಾಯಿ ಕಂಡದ್ದೂ ಅದನ್ನೇ: ಮೇವಿಲ್ಲದೆ ಬೀಳುವ ದನ, ಮಕ್ಕಳನ್ನು ಮಾರುವ ಮಂದಿ, ಊರು ಬಿಡುವ ಮನೆಗಳು, ಇದೇ ಸಮಯವೆಂದು ಹಿಂಡುವ ಸಾಹುಕಾರರು. ಅನ್ನ ಹಂಚುತ್ತಿದ್ದ ಸತ್ಯಶೋಧಕ ಸಮಾಜದವರ ಮೇಲೆ ಸಾಹುಕಾರರು ಚಾಡಿ ಹೇಳಿ ಸುಮಾರು 50 ಜನರನ್ನು ಹಿಡಿಸಿದರು. ಸಾವಿತ್ರಿಬಾಯಿ ನೇರ ಕಲೆಕ್ಟರನ ಮುಂದೆ ನಿಂತು ವಾದಿಸಿದರು. ಕಲೆಕ್ಟರ್ ಅವರನ್ನು ಬಿಟ್ಟದ್ದಷ್ಟೇ ಅಲ್ಲ, ನಾಲ್ಕು ಬಂಡಿ ಜೋಳವನ್ನೂ ಕಳಿಸಿಕೊಟ್ಟ. ಅದೇ ಕಾಲದಲ್ಲಿ ಬರಕ್ಕೆ ಸಿಕ್ಕ ಮಕ್ಕಳಿಗಾಗಿ ಧನಕವಾಡಿಯಲ್ಲಿ ಬಾಲಾಶ್ರಮ ನಡೆಯಿತು. ಅಡುಗೆ ಒಲೆಯ ಉಸ್ತುವಾರಿ ಮತ್ತೆ ಇವರದೇ.

ಇಷ್ಟಕ್ಕೆಲ್ಲ ಬೆನ್ನಿಗಿದ್ದ ನಂಬಿಕೆ ಯಾವುದು? 1873ರಲ್ಲಿ ಜ್ಯೋತಿಬಾ ಕಟ್ಟಿದ ಸತ್ಯಶೋಧಕ ಸಮಾಜದ ತತ್ವ ಸರಳವಾದದ್ದು. ಎಲ್ಲರನ್ನೂ ಹುಟ್ಟಿಸಿದವನು ಒಬ್ಬನೇ, ಅವನಿಗೂ ಮನುಷ್ಯನಿಗೂ ನಡುವೆ ದಲ್ಲಾಳಿ ಬೇಕಿಲ್ಲ. ಶರಣರ ಹೆಸರು ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಈ ಮಾತು ಹೊರಗಿನದೆನಿಸುವುದಿಲ್ಲ. ಸಾವಿತ್ರಿಬಾಯಿ ಈ ನಂಬಿಕೆಯನ್ನು ವಾದಕ್ಕಿಂತ ಹೆಚ್ಚಾಗಿ ಮನೆವಾರ್ತೆಯಲ್ಲಿ ತೋರಿಸಿದರು. 1868ರಲ್ಲಿ ಮನೆಯ ಬಾವಿಯನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದಾಗ ಆ ಅಂಗಳದಲ್ಲಿ ದಿನವೂ ಇದ್ದವರು ಅವರು.

1888ರಲ್ಲಿ ಜ್ಯೋತಿಬಾ ಅವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಡಾ. ವಿಶ್ರಾಮ ರಾಮಜಿ ಘೋಲೆಯವರು ಚಿಕಿತ್ಸೆ ಮಾಡಿದರು, ರಾತ್ರಿ ಹಗಲಿನ ಆರೈಕೆ ಹೆಂಡತಿಯದು. ಆ ಸ್ಥಿತಿಯಲ್ಲೇ ಅವರು ಎಡಗೈಯಿಂದ ‘ಸಾರ್ವಜನಿಕ ಸತ್ಯಧರ್ಮ’ ಪುಸ್ತಕ ಬರೆದು ಮುಗಿಸಿದರು. ಅದು ಅಚ್ಚಾದದ್ದು ಅವರು ಹೋದ ಮೇಲೆ, 1891ರಲ್ಲಿ. 1890ರ ನವೆಂಬರ್ 28ರಂದು ಅವರು ತೀರಿಕೊಂಡಾಗ ಹೆಣದ ಮುಂದೆ ಬೆಂಕಿಯ ಮಡಕೆ ಹಿಡಿಯುವ ಹಕ್ಕು ಯಾರದು ಎಂದು ದಾಯಾದಿಗಳು ತಕರಾರು ತೆಗೆದರು. ದತ್ತು ಮಗ ಹಿಡಿಯಕೂಡದಂತೆ. ಸಾವಿತ್ರಿಬಾಯಿ ಮಾತು ಬೆಳೆಸಲಿಲ್ಲ. ಮಡಕೆಯನ್ನು ತಾವೇ ಎತ್ತಿಕೊಂಡು ಮುಂದೆ ನಡೆದರು, ಚಿತೆಗೆ ಬೆಂಕಿಯನ್ನೂ ತಾವೇ ಇಟ್ಟರು. ಹೆಂಗಸರು ಸ್ಮಶಾನದ ಕಡೆ ಹಾಯಬಾರದೆಂಬ ಕಟ್ಟಳೆ ಇಂದಿಗೂ ಎಷ್ಟೋ ಮನೆಗಳಲ್ಲಿದೆ. ಇದು ನಡೆದದ್ದು 130 ವರ್ಷಗಳಿಗೂ ಹಿಂದೆ. ಆಮೇಲೆ ಸಮಾಜದ ಹೊಣೆಯನ್ನೂ ಅವರೇ ಹೊತ್ತರು. 1893ರ ಸಾಸವಡ ಸಮಾವೇಶಕ್ಕೆ ಅವರೇ ಅಧ್ಯಕ್ಷೆ.

1896ರ ಸೆಪ್ಟೆಂಬರ್ ಹೊತ್ತಿಗೆ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡು, 1897ರ ಆರಂಭಕ್ಕೆ ಪುಣೆಗೆ ಬಂತು. ಇಲ್ಲಿ ವಿಜ್ಞಾನ ಪಾಠ ಮಾಡುವವರು ಸ್ವಲ್ಪ ನಿಲ್ಲಬೇಕು. ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಗುರುತಿಸಿದ್ದರು. ಆದರೆ ಇಲಿಯ ಮೈಮೇಲಿನ ಚಿಗಟದಿಂದ ಅದು ಮನುಷ್ಯರಿಗೆ ಹತ್ತುತ್ತದೆಂದು ಸಿಮೊಂಡ್ ತೋರಿಸಿಕೊಟ್ಟದ್ದು 1898ರಲ್ಲಿ. ಹಾಫ್ಕಿನ್ ತಮ್ಮ ಲಸಿಕೆಯನ್ನು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದು 1897ರ ಜನವರಿಯಲ್ಲಿ. ಗುಣಪಡಿಸುವ ಔಷಧ ಬರಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಅಂದರೆ ಆ ಫೆಬ್ರುವರಿ ಮಾರ್ಚ್‌ಗಳಲ್ಲಿ ರೋಗಿಗೆ ಕೊಡಬಹುದಾಗಿದ್ದದ್ದು ನೀರು, ಗಂಜಿ, ಒದ್ದೆ ಬಟ್ಟೆ, ಪಕ್ಕದಲ್ಲೊಂದು ಜೀವ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಕಂಡರೆ ಸ್ವಂತ ಮನೆಯವರೇ ದೂರ ಸರಿಯುತ್ತಿದ್ದರು. ಆಸ್ಪತ್ರೆಗೆ ಎಳೆದೊಯ್ಯುತ್ತಾರೆಂಬ ಭಯಕ್ಕೆ ರೋಗಿಗಳನ್ನು ಬಚ್ಚಿಡುವವರೂ ಇದ್ದರು.

ಸೇನೆಯ ವೈದ್ಯಕೀಯ ಕೆಲಸದಲ್ಲಿದ್ದ ಮಗನನ್ನು ಸಾವಿತ್ರಿಬಾಯಿ ಕರೆಸಿಕೊಂಡರು. ಪುಣೆಯ ಹೊರಗೆ ಹಡಪ್ಸರ್ ಬಳಿ, ಸಸಾಣೆ ಮನೆತನದ ಹೊಲದಲ್ಲಿ, ಯಶವಂತರ ದವಾಖಾನೆ ಶುರುವಾಯಿತು. ಡಾಕ್ಟರ್ ಮಗ ಅಲ್ಲಿ ನೋಡಿಕೊಳ್ಳುತ್ತಿದ್ದರೆ, 66 ವರ್ಷದ ತಾಯಿ ಕೇರಿ ಕೇರಿಗೆ ಹೋಗಿ ಬಿದ್ದವರನ್ನು ಹುಡುಕಿ ತರುತ್ತಿದ್ದರು. ಮುಂಢವಾ ಊರಾಚೆಯ ಮಹಾರ ಕೇರಿಯಲ್ಲಿ ಪಾಂಡುರಂಗ ಬಾಬಾಜಿ ಗಾಯಕವಾಡರ ಮಗನಿಗೆ ರೋಗ ತಗುಲಿದ ಸುದ್ದಿ ಬಂದಾಗ ಬಂಡಿ, ಮೇನೆ ಎಂದು ಕಾಯಲಿಲ್ಲ. ಹುಡುಗನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಶಾಲೆಯ ದಾರಿಯಲ್ಲಿ ಕೆಸರು ಎರಚಿಸಿಕೊಂಡ ಮೈ ಅದೇ. ಈ ದಾರಿಯ ಚಿತ್ರವನ್ನು ಮಾತ್ರ ನಮ್ಮ ಗೋಡೆಗಳ ಮೇಲೆ ಯಾರೂ ಬರೆಸುವುದಿಲ್ಲ.

ರೋಗ ಅವರಿಗೂ ಹತ್ತಿತು. 1897ರ ಮಾರ್ಚ್ 10ರ ರಾತ್ರಿ ಸಾವಿತ್ರಿಬಾಯಿ ತೀರಿಕೊಂಡರು. ಪ್ಲೇಗ್ ಅಲ್ಲಿಗೆ ನಿಲ್ಲದೆ ತೆಂಕಣಕ್ಕೆ ಇಳಿಯಿತು. ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕು, 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರು ತಲುಪಿತು. ಯಶವಂತ ಮತ್ತೆ ಸೇನೆಯ ಕೆಲಸಕ್ಕೆ ಹೋದರು. 1905ರಲ್ಲಿ ಪುಣೆಯಲ್ಲಿ ಪ್ಲೇಗ್ ಪುನಃ ಎದ್ದಾಗ ಊರಿಗೆ ಬಂದು ರೋಗಿಗಳನ್ನು ನೋಡತೊಡಗಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ತಾಯಿಯ ಹಾಗೆಯೇ, ಅವರೂ ಹೋದರು.